ಚೀಟಿಯಲ್ಲಿ ಏನು ಬರೀತೀರಿ?

ಶನಿವಾರ ಸಂಜೆ ಬೇರೆ ಕೆಲಸ ಇಲ್ಲದಿದ್ದರೆ ನಾನು ಕಲಾವಿದರ ಮಾತು ಕೇಳೋಕೆ ಹೋಗ್ತೀನಿ. ಪ್ರವೇಶ ಪುಕ್ಕಟೆ, ಸಭಾಂಗಣ ತಣ್ಣಗಿರುತ್ತೆ, ಮುಗಿದ ಮೇಲೆ ಚಹಾನೂ ಸಿಗುತ್ತೆ. ಏಳೆಂಟು ವರ್ಷದಿಂದ ಅಂಟಿಕೊಂಡ ಚಟ. "ಅವ್ರು ಹೇಳೋದು ನಿಮಗ ತಿಳೀತದೇನ್ರಿ?" ಅಂತ ಹೆಂಡತಿ ಕೇಳ್ತಾಳೆ. ಅರ್ಧ ತಿಳಿಯುತ್ತೆ. ಉಳಿದರ್ಧ ತಿಳಿದೀತು ಅನ್ನೋ ಆಸೆಗೆ ಮುಂದಿನ ಸಲ ಮತ್ತೆ ಹೋಗ್ತೀನಿ.

ನೀವೂ ಇಂಥದ್ದಕ್ಕೆ ಹೋಗಿರ್ತೀರಿ, ಇಲ್ಲಾ ಯೂಟ್ಯೂಬಿನಲ್ಲಿ ನೋಡಿರ್ತೀರಿ. ವೇದಿಕೆ ಮೇಲೆ ಎರಡು ಕುರ್ಚಿ, ನಡುವೆ ಪುಟ್ಟ ಮೇಜು, ಅದರ ಮೇಲೆ ಎರಡು ನೀರಿನ ಬಾಟಲಿ. ಒಂದು ಕುರ್ಚಿಯಲ್ಲಿ ಕಲಾವಿದ. ಇನ್ನೊಂದರಲ್ಲಿ ಮ್ಯೂಸಿಯಂನ ಕ್ಯುರೇಟರ್, ಅಂದರೆ ಯಾವ ವಸ್ತುವನ್ನ ಇಟ್ಟುಕೊಳ್ಳಬೇಕು, ಯಾವುದರ ಪಕ್ಕ ಯಾವುದನ್ನ ಇಡಬೇಕು, ಅದರ ಕೆಳಗಿನ ಚೀಟಿಯಲ್ಲಿ ಏನು ಬರೀಬೇಕು ಅಂತ ತೀರ್ಮಾನ ಮಾಡೋವರು. ಕ್ಯುರೇಟರ್ ಕೇಳ್ತಾರೆ, ಕಲಾವಿದ ಉತ್ತರಿಸ್ತಾರೆ. ಐವತ್ತು ನಿಮಿಷ ಆದಮೇಲೆ ಸಭಿಕರಿಗೆ ಹತ್ತು ನಿಮಿಷ.

ಹೋದ ವರ್ಷ ಅಂಥದ್ದೊಂದು ಕಾರ್ಯಕ್ರಮದಲ್ಲಿದ್ದೆ. ಎಲ್ಲಿ, ಯಾರದು ಅನ್ನೋದು ಬೇಡ. ಕಲಾವಿದರು ಹಳ್ಳಿಗಳಿಂದ ತರಿಸಿದ ಬೀಸುಕಲ್ಲುಗಳನ್ನ ಸಾಲಾಗಿ ನಿಲ್ಲಿಸಿ ಒಂದು ಕೃತಿ ಮಾಡಿದ್ದರು. ನೋಡೋಕೆ ಚಂದ ಇತ್ತು, ಸುಳ್ಳು ಹೇಳೋದಿಲ್ಲ. ಇಬ್ಬರೂ ವರ್ತುಲಾಕಾರದ ಕಾಲದ ಬಗ್ಗೆ ಮಾತಾಡಿದರು. ಶ್ರಮ, ಸ್ಮೃತಿ, ಲೇಯರ್ಸ್ ಅಂದರು. ವಸ್ತು ತನ್ನ ಹಿಂದಿನ ಬದುಕಿನ ಜೊತೆ ನೆಗೋಷಿಯೇಟ್ ಮಾಡ್ತಿದೆ ಅಂದರು. (ನಮ್ಮೂರು ಹುಲಕೋಟಿಯಲ್ಲಿ ನೆಗೋಷಿಯೇಟ್ ಮಾಡೋದು ಹತ್ತಿ ದರವನ್ನ. ಅದಕ್ಕೆ ಎರಡು ಕಡೆ ಜನ ಬೇಕಾಗ್ತಾರೆ.) ಮೂರನೇ ಸಾಲಿನಲ್ಲಿ ಕೂತ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಆ ಕಲ್ಲು ಯಾರ ಮನೆಯವು? ಕೊಂಡು ತಂದದ್ದಾ, ಕೇಳಿ ತಂದದ್ದಾ? ಕೊಟ್ಟ ಹೆಂಗಸು ಏನು ಹೇಳಿ ಕೊಟ್ಟಳು?

ಬೀಸುಕಲ್ಲಿಗೆ ಗುರುತು ಇರುತ್ತೆ. ಗೂಟ ಹಿಡಿಯೋ ಕೈಗೆ ತಕ್ಕಂತೆ ಅದರ ತೂತು ಒಂದು ಬದಿಗೆ ಸವೆದಿರುತ್ತೆ. ಮೈ ನುಣುಪಾದರೆ ಜೋಳ ನುರಿಯೋದಿಲ್ಲ, ಉಳಿಯಿಂದ ಮತ್ತೆ ಒರಟು ಮಾಡಿಸಬೇಕು. ಆ ಉಳಿಯ ಗುರುತು ನೋಡಿ, ಈ ಕಲ್ಲು ಕೊನೆವರೆಗೂ ಬೀಸಿದ್ದಾ ಅಥವಾ ಗಿರಣಿ ಬಂದಮೇಲೆ ಮೂಲೆ ಸೇರಿದ್ದಾ ಅಂತ ನಮ್ಮವ್ವ ಹೇಳಬಲ್ಲಳು. ಕೈ ಎತ್ತಿದೆ. ಮೈಕು ಮುಂದಿನ ಸಾಲಿನಲ್ಲೇ ಮೂರು ಸುತ್ತು ಹೊಡೀತು. ಸಮಯ ಆಯ್ತು ಅಂದರು. ಚಪ್ಪಾಳೆ. ಚಹಾ.

ಸಿಟ್ಟು ಬಂತು. ಮೈಕು ಸಿಗಲಿಲ್ಲ ಅನ್ನೋ ಸಿಟ್ಟಲ್ಲ ಅದು. ಒಂದು ಗಂಟೆ ನಡೆದ ಮಾತಿನಲ್ಲಿ ಒಬ್ಬರೂ ಇನ್ನೊಬ್ಬರಿಗೆ "ಇಲ್ಲ, ನಾನು ಒಪ್ಪೋದಿಲ್ಲ" ಅನ್ನಲಿಲ್ಲ. ನಮ್ಮ ಕೆಲಸದಲ್ಲಿ ಇದು ನಿಮಗೂ ಗೊತ್ತು. ಕೋಡ್ ರಿವ್ಯೂಗೆ ಹಾಕ್ತೀವಿ, ಗೆಳೆಯ ಎರಡು ನಿಮಿಷದಲ್ಲಿ "ಚೆನ್ನಾಗಿದೆ" ಅಂತ ಹೆಬ್ಬೆಟ್ಟು ಒತ್ತುತ್ತಾನೆ, ಮುಂದಿನ ವಾರ ರಾತ್ರಿ ಎರಡಕ್ಕೆ ಫೋನ್ ಬರುತ್ತೆ. ಒಂದು ಸಾಲೂ ಬದಲಾಗದಿದ್ದರೆ ಅದನ್ನ ರಿವ್ಯೂ ಅನ್ನೋಕಾಗಲ್ಲ.

ಕಲಾವಿದ–ಕ್ಯುರೇಟರ್ ಸಂವಾದಕ್ಕೂ ನಾನು ಇದೇ ಅಳತೆ ಹಿಡೀತೀನಿ. ಮಾತು ಎಷ್ಟು ಸೊಗಸಾಗಿತ್ತು ಅನ್ನೋದು ಆಮೇಲೆ. ಮಾತು ಮುಗಿದ ಮರುದಿನ ಮ್ಯೂಸಿಯಂನಲ್ಲಿ ಏನಾದರೂ ಬದಲಾಯ್ತಾ? ಕಡೇ ಪಕ್ಷ ವಸ್ತುವಿನ ಕೆಳಗಿನ ಚೀಟಿ?

ಹಾಗೆ ಬದಲಾದ ಉದಾಹರಣೆ ಇವೆ. ದೂರದ್ದೊಂದು ಮೊದಲು ಹೇಳ್ತೀನಿ. 1992ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿ ಅನ್ನೋ ಹಳೇ ಸಂಸ್ಥೆಯ ಉಗ್ರಾಣವನ್ನ ಫ್ರೆಡ್ ವಿಲ್ಸನ್ ಎಂಬ ಕಲಾವಿದನಿಗೆ ತೆರೆದುಕೊಟ್ಟರು. ಜೊತೆಗೆ ಕ್ಯುರೇಟರ್ ಲೀಸಾ ಕೊರಿನ್ ಇದ್ದರು. ವಿಲ್ಸನ್ ಹೊಸದಾಗಿ ಏನೂ ಕೆತ್ತಲಿಲ್ಲ, ಬಿಡಿಸಲಿಲ್ಲ. ಸಂಸ್ಥೆಯದೇ ವಸ್ತುಗಳ ಜಾಗ ಬದಲಿಸಿದ. ಶ್ರೀಮಂತರ ಮನೆಯ ಕುಸುರಿ ಕೆಲಸದ ಬೆಳ್ಳಿ ಹೂಜಿ, ಲೋಟಗಳ ಪಕ್ಕದಲ್ಲೇ ಗುಲಾಮರ ಕಾಲಿಗೆ ಹಾಕ್ತಿದ್ದ ಕಬ್ಬಿಣದ ಬೇಡಿ ಇಟ್ಟ. ಎರಡಕ್ಕೂ ಸೇರಿಸಿ ಒಂದೇ ಚೀಟಿ: ಲೋಹದ ಕೆಲಸ, 1793–1880. ಅಷ್ಟೇ. ಬೆಳ್ಳಿಯೂ ಲೋಹ, ಬೇಡಿಯೂ ಲೋಹ, ಒಂದಕ್ಕೆ ದುಡ್ಡು ಬಂದದ್ದು ಇನ್ನೊಂದರಿಂದ. ಪ್ರದರ್ಶನದ ಹೆಸರು 'ಮೈನಿಂಗ್ ದಿ ಮ್ಯೂಸಿಯಂ'. ಇಷ್ಟು ವರ್ಷ ಆದಮೇಲೂ ಜಗತ್ತಿನಾದ್ಯಂತ ಕ್ಯುರೇಟರ್‌ಗಳು ಅದನ್ನ ಪಾಠದಂತೆ ಓದ್ತಾರೆ. ನನ್ನ ಲೆಕ್ಕದಲ್ಲಿ ಅದೊಂದು ನಿಜವಾದ ಸಂವಾದ. ವಸ್ತುಗಳೆಲ್ಲ ಮ್ಯೂಸಿಯಂ ಒಳಗೇ ಇದ್ದವು. ಅವನ್ನ ಅಕ್ಕಪಕ್ಕ ಇಡೋ ಧೈರ್ಯ ಒಬ್ಬ ಕಲಾವಿದ ಬಂದು ಕೇಳೋವರೆಗೆ ಇರಲಿಲ್ಲ.

ಈಗ ನಮ್ಮ ಕಡೆ ಬರೋಣ. ಕರ್ನಾಟಕದಲ್ಲಿ ಈ ಎರಡು ಕುರ್ಚಿಗಳಲ್ಲೂ ಕೂರಬಲ್ಲ ಒಬ್ಬರಿದ್ದಾರೆ, ಎಲ್.ಎನ್. ತಲ್ಲೂರ್. ಹುಟ್ಟಿದ್ದು 1971ರಲ್ಲಿ, ಕುಂದಾಪುರದ ಹತ್ತಿರದ ಕೋಟೇಶ್ವರದಲ್ಲಿ. ಮೈಸೂರಿನ ಕಾವಾದಲ್ಲಿ ಚಿತ್ರಕಲೆ ಓದಿದರು. ಆಮೇಲೆ ಬರೋಡಾಕ್ಕೆ ಹೋಗಿ ಓದಿದ್ದು ಮ್ಯೂಸಿಯಾಲಜಿ, ಅಂದರೆ ವಸ್ತುಗಳನ್ನ ಹೇಗೆ ಜೋಪಾನ ಮಾಡೋದು, ಹೇಗೆ ದಾಖಲಿಸೋದು, ಹೇಗೆ ತೋರಿಸೋದು ಅನ್ನೋ ವಿದ್ಯೆ. ಮ್ಯೂಸಿಯಂನವರ ವಿದ್ಯೆ ಕಲಿತು ಕಲಾವಿದರಾದವರು. 2011ರಲ್ಲಿ ಮುಂಬೈನ ಬೈಕುಲಾದಲ್ಲಿರೋ ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ 'ಕ್ವಿಂಟೆಸೆನ್ಶಿಯಲ್' ಅನ್ನೋ ಪ್ರದರ್ಶನ ಮಾಡಿದರು. ಆ ಕಟ್ಟಡ 1872ರದು, ವಿಕ್ಟೋರಿಯಾ ರಾಣಿಯ ಕಾಲದ ಗಾಜಿನ ಕಪಾಟು, ಮಣ್ಣಿನ ಬೊಂಬೆ, ಕಂಬಗಳ ನಡುವೆ ಇವರ ಯಂತ್ರ, ಮೂರ್ತಿಗಳು. ಅಲ್ಲಿನ ಮುಖ್ಯಸ್ಥೆ ತಸ್ನೀಮ್ ಜಕಾರಿಯಾ ಮೆಹ್ತಾ ಇಂದಿನ ಕಲಾವಿದರನ್ನ ಕರೆದು ನಮ್ಮ ಹಳೇ ಸಂಗ್ರಹದ ಜೊತೆ ಮಾತಾಡಿ ಅಂತ ಜಾಗ ಬಿಟ್ಟುಕೊಟ್ಟವರು. ಆ ಪ್ರದರ್ಶನಕ್ಕೆ ಮರುವರ್ಷ ಸ್ಕೋಡಾ ಪ್ರಶಸ್ತಿ ಬಂತು.

ತಲ್ಲೂರರ ಕೃತಿಗಳಲ್ಲಿ ನನಗೆ ಇಷ್ಟವಾಗೋದು ನೋಡೋಕೆ ಬಂದವನಿಗೂ ಕೆಲಸ ಕೊಡೋ ರೀತಿ. 'ಕ್ರೊಮ್ಯಾಟೊಫೋಬಿಯ' ಅಂತ ಒಂದಿದೆ. ಮರದ ದಿಮ್ಮಿಗೆ ನೀವೇ ಸುತ್ತಿಗೆ ತಗೊಂಡು ನಿಮ್ಮ ನಾಣ್ಯ ಹೊಡೀಬೇಕು. ಹರಕೆಗೆ ಮರಕ್ಕೆ ಮೊಳೆ ಹೊಡೆದದ್ದನ್ನ ಕಂಡ ನಮಗೆ ಇದನ್ನ ವಿವರಿಸೋ ಅಗತ್ಯವೇ ಬೀಳಲ್ಲ. ಮುಟ್ಟಬೇಡಿ ಅನ್ನೋ ಫಲಕಗಳೇ ತುಂಬಿರೋ ಲೋಕದಲ್ಲಿ ಈತ ಸುತ್ತಿಗೆ ಕೊಡ್ತಾರೆ.

ಆದರೆ ನಾನು ಹೇಳಬೇಕಾದದ್ದು ಅವರ 2019ರ ವಿಡಿಯೊ 'ಇಂಟರ್‌ಫಿಯರೆನ್ಸ್' ಬಗ್ಗೆ. ಗುಜರಾತಿನ ಜುನಾಗಢದ ಮ್ಯೂಸಿಯಂನಲ್ಲಿರೋ ಹಳೇ ರತ್ನಗಂಬಳಿಯೊಂದನ್ನ ಅಲ್ಲಿನ ಸಿಬ್ಬಂದಿ ಬಡಿದು ಧೂಳು ಕೊಡವುತ್ತಾರೆ. ನಿಧಾನ ಚಲನೆಯಲ್ಲಿ ಅದನ್ನ ಹಿಡಿದಿದ್ದಾರೆ. ಧೂಳು ಮೋಡದಂತೆ ಏಳುತ್ತೆ, ಹರಡುತ್ತೆ, ಜನರನ್ನ ಅರೆ ಮುಚ್ಚುತ್ತೆ. ಇಷ್ಟೇ. ಪಿಯುಸಿ ಫಿಸಿಕ್ಸ್ ನೆನಪಿದ್ದವರಿಗೆ ಹೆಸರಿನ ಒಂದರ್ಥ ಹೊಳೆಯುತ್ತೆ, ಎರಡು ಅಲೆ ಸೇರಿ ಪಟ್ಟೆಪಟ್ಟೆ ಮೂಡೋ ವ್ಯತಿಕರಣ. ಇನ್ನೊಂದರ್ಥ ನಡುವೆ ಕೈ ಹಾಕೋದು. ಹಳೇ ವಸ್ತುವನ್ನ ಜೋಪಾನ ಮಾಡ್ತೀನಿ ಅನ್ನೋದೂ ಒಂಥರಾ ಕೈ ಹಾಕೋದೇ. ಕೊಡವಿದ್ದು ಬರೀ ಧೂಳಾ, ಅದರ ಜೊತೆ ಇತಿಹಾಸದ ಚೂರೂ ಹೋಯ್ತಾ? ಮ್ಯೂಸಿಯಾಲಜಿ ಓದಿದವನಿಗೇ ಹೊಳೆಯೋ ಪ್ರಶ್ನೆ ಇದು. ಕ್ಯುರೇಟರ್‌ಗಳು ಈ ಕೃತಿಯನ್ನ ಮೆಚ್ಚೋದರಲ್ಲಿ ಆಶ್ಚರ್ಯ ಇಲ್ಲ. ನಾನೂ ಮೆಚ್ಚಿದೆ.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಅವ್ವನಿಗೆ ಅದನ್ನ ತೋರಿಸಿದೆ. ಅವ್ವ ಆಗತಾನೇ ನಮ್ಮ ನವಲಗುಂದದ ಜಮಖಾನ ಝಾಡಿಸಿ, ಗೋಡೆ ಮೇಲೆ ಬಿಸಿಲಿಗೆ ಹಾಕಿ ಬಂದು ಕೂತಿದ್ದಳು. ನವಲಗುಂದದ ಜಮಖಾನ ಗೊತ್ತಲ್ಲ, ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯೋದು. ನವಿಲು, ಪಗಡೆ ಹಾಸಿನ ಚಿತ್ತಾರ. ಈಗ ಭೌಗೋಳಿಕ ಗುರುತು ಕೂಡ ಇದೆ. ನಮ್ಮ ಮನೆಯದು ಅವ್ವನ ಮದುವೆಗೆ ಬಂದದ್ದು. ಅದರ ಮೇಲೆ ಸೀಮಂತ ಆಗಿದೆ, ಹೆಣ್ಣು ನೋಡೋ ಶಾಸ್ತ್ರ ಆಗಿದೆ, ಅಪ್ಪ ತೀರಿದಾಗ ಬಂದವರು ಕೂತಿದ್ದಾರೆ.

ಅವ್ವ ವಿಡಿಯೊ ಪೂರ್ತಿ ನೋಡಿದಳು. "ಇದನ್ನ ನೋಡಾಕ ಜನ ಬರ್ತಾರೇನು?" ಅಂದಳು.

"ಬರ್ತಾರವ್ವ. ದೇಶ ವಿದೇಶದಾಗ ತೋರಿಸ್ಯಾರ."

"ಅಷ್ಟೊಂದು ಧೂಳ ಬರಾಕತ್ತೇತಿ ಅಂದ್ರ, ಭಾಳ ವರ್ಷದಿಂದ ಅದರ ಮ್ಯಾಲ ಯಾರೂ ಕುಂತಿಲ್ಲ, ನೋಡು."

ನಾನು ಸುಮ್ಮನಾದೆ. ಈ ಮಾತು ನನಗೆ ಹೊಳೆದಿರಲಿಲ್ಲ. ಕಲಾವಿದ ಆ ಧೂಳಿನಲ್ಲಿ ಕಾಲವನ್ನ ಕಂಡರು. ಕ್ಯುರೇಟರ್ ಆದವರು ಸಂರಕ್ಷಣೆಯ ಸಂಕಟ ಕಾಣ್ತಾರೆ. ಅವ್ವ ಕಂಡಿದ್ದು ಜನ ಇಲ್ಲದ್ದನ್ನ. ಬಳಕೆಯಲ್ಲಿರೋ ಜಮಖಾನಕ್ಕೆ ಆ ಮಟ್ಟದ ಧೂಳು ಕೂರೋದಿಲ್ಲ, ಹಬ್ಬಕ್ಕೊಮ್ಮೆ, ನೆಂಟರು ಬಂದಾಗೊಮ್ಮೆ ಝಾಡಿಸ್ತಾನೇ ಇರ್ತಾರೆ. ಅದು ಧೂಳಿನಿಂದ ಕೆಡೋದಿಲ್ಲ, ಕೂತು ಕೂತು ಸವೆಯುತ್ತೆ. ಮ್ಯೂಸಿಯಂ ಒಂದು ವಸ್ತುವನ್ನ ಸವೆಯದಂತೆ ಕಾಪಾಡ್ತದೆ. ಅದಕ್ಕೆ ಕೊಡೋ ಬೆಲೆ ಅಂದರೆ ಅದರ ಮೇಲೆ ಇನ್ನು ಯಾರೂ ಕೂರೋ ಹಾಗಿಲ್ಲ. ಈ ವ್ಯವಹಾರ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಅದೊಂದು ವ್ಯವಹಾರ, ಅದರಲ್ಲಿ ಒಬ್ಬರು ಏನೋ ಬಿಟ್ಟುಕೊಟ್ಟಿದ್ದಾರೆ ಅನ್ನೋದನ್ನ ಅವ್ವ ಒಂದೇ ಮಾತಿನಲ್ಲಿ ಹೇಳಿದಳು.

ತಲ್ಲೂರರ ವಿಡಿಯೊದ ದೊಡ್ಡತನ ಅಂದರೆ ಅವ್ವನ ಮಾತಿಗೂ ಅದರಲ್ಲಿ ಜಾಗ ಇದೆ. ಗಂಬಳಿಯನ್ನ ಗಾಜಿನ ಹಿಂದೆ ತೋರಿಸದೆ, ಅದನ್ನ ಕೊಡವೋ ಕೈಗಳ ನಡುವೆ ತೋರಿಸಿದ್ದಾರೆ. ಮ್ಯೂಸಿಯಂ ಅಂದರೆ ಕಟ್ಟಡ, ಕ್ಯುರೇಟರ್ ಅಷ್ಟೇ ಅಲ್ಲ, ಬೆಳಗ್ಗೆ ಬಂದು ಕಸ ಗುಡಿಸೋವರೂ ಹೌದು ಅಂತ ಹೇಳೋ ಕೃತಿ ನಾನು ಹೆಚ್ಚು ನೋಡಿಲ್ಲ. ಹಾಗಿದ್ದೂ ಒಂದು ಕೊರತೆ ನನ್ನನ್ನ ಕಾಡ್ತು. ನೋಡಿ ಮುಗಿಸಿದಾಗ ನನಗೆ ತಲ್ಲೂರರ ಹೆಸರು ಗೊತ್ತಿತ್ತು, ಗಂಬಳಿ ಕೊಡವಿದವರ ಹೆಸರು ಗೊತ್ತಿರಲಿಲ್ಲ. ಅವರಲ್ಲಿ ಒಬ್ಬರನ್ನ ಕರೆದು ಆ ಎರಡು ಕುರ್ಚಿಗಳ ಪಕ್ಕ ಮೂರನೇ ಕುರ್ಚಿ ಹಾಕಿ ಕೂರಿಸಿದರೆ ಏನು ಹೇಳಿಯಾರು? ಆ ಗಂಬಳಿ ಎಷ್ಟು ಭಾರ, ಯಾವ ಮೂಲೆಯಲ್ಲಿ ಹುಳ ಹಿಡಿದಿದೆ, ಮಡಿಸೋವಾಗ ಯಾವ ಕಡೆಯಿಂದ ಶುರು ಮಾಡಬೇಕು. ಇದೂ ಜ್ಞಾನವೇ. ವೇದಿಕೆ ಮೇಲೆ ಇದು ಬರೋದೇ ಇಲ್ಲ.

ಮೂರನೆಯವರು ಕೂಗಿ ಹೇಳಿದ ಪ್ರಸಂಗವೂ ನಮ್ಮಲ್ಲಿ ನಡೆದಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ನಿಮಗೆ ಗೊತ್ತಿರಬೇಕು. ಅವನೀಂದ್ರನಾಥ ಟಾಗೋರರ ಶಿಷ್ಯ ಕೆ. ವೆಂಕಟಪ್ಪನವರ ಚಿತ್ರಗಳು ಅಲ್ಲಿವೆ. ಪಕ್ಕದಲ್ಲೇ 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ. ಆ ಗ್ಯಾಲರಿಯ ಬಾಡಿಗೆ ಕಡಿಮೆ. ಹೀಗಾಗಿ ಗದಗ, ಬಾಗಲಕೋಟೆ, ಕಲಬುರಗಿ ಕಡೆಯ ಹುಡುಗರೂ ರಾಜಧಾನಿಗೆ ಬಂದು ತಮ್ಮ ಚಿತ್ರ ತೂಗು ಹಾಕಬಹುದಿತ್ತು. 2015ರಲ್ಲಿ ರಾಜ್ಯ ಸರ್ಕಾರ ಅದನ್ನ ಅಭಿವೃದ್ಧಿ ಮಾಡೋಕೆ ಅಭಿಷೇಕ್ ಪೋದ್ದಾರ್ ಅವರ ತಸ್ವೀರ್ ಪ್ರತಿಷ್ಠಾನದ ಜೊತೆ ಒಪ್ಪಂದ ಮಾಡಿಕೊಂಡಿತು. ಅವರ ಹತ್ತಿರ ದೊಡ್ಡ ಸಂಗ್ರಹ ಇತ್ತು, ಅದಕ್ಕೆ ಆಧುನಿಕ ಮ್ಯೂಸಿಯಂ ಬೇಕಿತ್ತು. ಗ್ಯಾಲರಿ ಸೊರಗಿತ್ತು, ಅದೂ ಸುಳ್ಳಲ್ಲ. ಆದರೆ ಕಲಾವಿದರಿಗೆ ಕಂಡ ಪ್ರಶ್ನೆ ಬೇರೆ: ನಮ್ಮನ್ನ ಯಾರು ಕೇಳಿದರು? 2016ರಲ್ಲಿ ಪುಷ್ಪಮಾಲಾ ಎನ್. ಸೇರಿದಂತೆ ಅನೇಕರು ವೇದಿಕೆ ಕಟ್ಟಿಕೊಂಡು ಪ್ರತಿಭಟನೆಗೆ ಇಳಿದರು.

ಆಗ ನಾನು ಬೆಂಗಳೂರಿಗೆ ಬಂದು ಸ್ವಲ್ಪ ವರ್ಷ ಆಗಿತ್ತು. ಪೇಪರಿನಲ್ಲಿ ಓದಿ, ಇವರಿಗೆ ಬೇರೆ ಕೆಲಸ ಇಲ್ಲವಾ, ಚಂದದ ಮ್ಯೂಸಿಯಂ ಬರ್ತದಂದ್ರೆ ಬೇಡ ಅಂತಾರಲ್ಲ ಅಂದುಕೊಂಡಿದ್ದೆ. ಇವತ್ತು ಹಾಗನ್ನಿಸಲ್ಲ. ಕೊನೆಗೆ ಆ ಯೋಜನೆ ನಿಂತಿತು. ಪ್ರತಿಷ್ಠಾನದವರು ಅದೇ ರಸ್ತೆಯಲ್ಲಿ ತಮ್ಮದೇ ಕಟ್ಟಡ ಕಟ್ಟಿಕೊಂಡರು. ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೊಟೊಗ್ರಫಿ, ಮ್ಯಾಪ್ ಅಂತ ನೀವೆಲ್ಲ ಹೋಗಿ ಸೆಲ್ಫಿ ತಗೊಂಡಿರೋದು, 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೀತು. ಶುರುವಿನ ಪ್ರದರ್ಶನಗಳಲ್ಲಿ ತಲ್ಲೂರರ 'ಚಿರಾಗ್-ಎ-ಎಐ' ಕೂಡ ಒಂದು. ಈಗ ಆ ರಸ್ತೆಯಲ್ಲಿ ಸರ್ಕಾರಿ ಗ್ಯಾಲರಿಯೂ ಇದೆ, ಖಾಸಗಿ ಮ್ಯೂಸಿಯಂ ಕೂಡ ಇದೆ. ಅವತ್ತು ಯಾರೂ "ಇಲ್ಲ" ಅನ್ನದಿದ್ದರೆ ಎರಡರ ಬದಲು ಒಂದು ಇರ್ತಿತ್ತು. ಅದಕ್ಕೇ ಬೆಂಗಳೂರಿನಲ್ಲಿ ಕಲಾವಿದರಿಗೂ ಮ್ಯೂಸಿಯಂಗೂ ನಡೆದ ಅತ್ಯುತ್ತಮ ಸಾರ್ವಜನಿಕ ಸಂವಾದ ಯಾವುದು ಅಂದರೆ, ಕುರ್ಚಿ ಹಾಕದೆ ರಸ್ತೆಯಲ್ಲಿ ನಡೆದ ಇದೇ ಅಂತ ನಾನು ಹೇಳ್ತೀನಿ.

ನಾನು ಹೀಗೆ ಯೋಚಿಸೋದಕ್ಕೆ ನಮ್ಮೂರೂ ಕಾರಣ ಇರಬಹುದು. ನಮ್ಮ ಸುತ್ತಿನದು ಸಹಕಾರಿ ಸಂಘಗಳ ಸೀಮೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅಂತ ಹೆಸರಾದದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದ ಸಂಘ, 1905ರದು. ಹುಲಕೋಟಿಯಲ್ಲೂ ಸಹಕಾರಿ ಜವಳಿ ಗಿರಣಿ ಇತ್ತು, ಸಂಘಗಳಿದ್ದವು. ಚಿಕ್ಕವನಿದ್ದಾಗ ಅಪ್ಪನ ಜೊತೆ ಸಂಘದ ವಾರ್ಷಿಕ ಸಾಮಾನ್ಯ ಸಭೆಗೆ ಹೋಗ್ತಿದ್ದೆ, ಕೊನೆಗೆ ಕೊಡೋ ಉಪ್ಪಿಟ್ಟಿನ ಆಸೆಗೆ. ವೇದಿಕೆ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ. ಅವರೂ ಒಬ್ಬರನ್ನೊಬ್ಬರು ಹೊಗಳ್ತಿದ್ದರು. ಆದರೆ ವರದಿ ಓದಿ ಮುಗಿಸೋದರೊಳಗೆ ಹಿಂದಿನ ಸಾಲಿನಿಂದ ಒಬ್ಬ ಮುದುಕ ರುಮಾಲು ಸರಿ ಮಾಡ್ಕೊಂತ ಎದ್ದು, "ಆ ಮೂರನೇ ಪುಟದ ಖರ್ಚು ಇನ್ನೊಮ್ಮೆ ಓದ್ರಿ" ಅಂತಿದ್ದ. ಓದಲೇಬೇಕಿತ್ತು. ಅವನ ಹತ್ತಿರ ಇದ್ದದ್ದು ಒಂದೇ ಷೇರು. ಒಂದು ಷೇರು ಇದ್ದರೂ ನೂರು ಷೇರು ಇದ್ದರೂ ಒಂದೇ ಮತ. ಆ ಸಭೆಯಲ್ಲಿ ಪ್ರಶ್ನೋತ್ತರ ಕೊನೆಯ ಹತ್ತು ನಿಮಿಷದ ಪ್ರಸಾದ ಆಗಿರಲಿಲ್ಲ. ಸಭೆ ಸೇರ್ತಿದ್ದದ್ದೇ ಅದಕ್ಕೆ.

ಮ್ಯೂಸಿಯಂನಲ್ಲಿ ಷೇರುದಾರರು ಯಾರು? ಟಿಕೆಟ್ ತಗೊಂಡ ನಾನು, ದುಡ್ಡು ಕೊಟ್ಟ ದಾನಿ, ಸಹಿ ಹಾಕಿದ ಸರ್ಕಾರ. ವಸ್ತು ಬಿಟ್ಟುಕೊಟ್ಟವರು?

ಈ ಪ್ರಶ್ನೆ ನನಗೀಗ ಪುಸ್ತಕದ್ದಲ್ಲ. ಹುಲಕೋಟಿಯಿಂದ ಗದಗಕ್ಕೆ ಹತ್ತು ಕಿಲೊಮೀಟರ್, ಅಲ್ಲಿಂದ ಹನ್ನೆರಡು ಹೋದರೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇರೋ ಊರು. ಕಾಶಿ ವಿಶ್ವೇಶ್ವರ ಗುಡಿ, ಬಾವಿಗಳು, ಎಲ್ಲಿ ಅಗೆದರೂ ಕೆತ್ತಿದ ಕಲ್ಲು. ಜಿನಾಲಯದ ಪಕ್ಕದಲ್ಲೇ ಕೇಂದ್ರ ಪುರಾತತ್ವ ಇಲಾಖೆಯ ಶಿಲ್ಪಗಳ ಸಂಗ್ರಹಾಲಯವೂ ಇದೆ. ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮದುವೆಯಾಗಿ ಹೋದದ್ದು ಅಲ್ಲಿಗೆ. ಆಕೆಯ ಹಿತ್ತಲಿನಲ್ಲಿ ಕಂಬದ ಒಂದು ತುಂಡು ಇದೆ. ಮೊಣಕಾಲೆತ್ತರ, ತಿರುಗಣಿಯಲ್ಲಿ ಹಿಡಿದು ಉಜ್ಜಿದಂತೆ ನುಣ್ಣಗೆ, ಬಳೆ ಬಳೆಯಾಗಿ ಕೆತ್ತಿದ್ದು. ನಾವು ಸಣ್ಣವರಿದ್ದಾಗ ಅದರ ಮೇಲೆ ಕೂತು ಹುಣಸೇಕಾಯಿ ತಿಂದಿದ್ದೇವೆ. ದೊಡ್ಡವ್ವನಿಗೆ ಅದು ಹಿತ್ತಲ ದೇವರು. ನಾಗರ ಪಂಚಮಿಗೆ ಹಾಲು, ದಿನಾ ಒಂದು ಚೊಂಬು ನೀರು, ಅರಿಶಿನ, ಕುಂಕುಮ. ಹಾವಿನ ಚಿತ್ರ ಅದರಲ್ಲಿ ಎಲ್ಲೂ ಇಲ್ಲ.

2024ರ ನವೆಂಬರ್‌ನಲ್ಲಿ ಲಕ್ಕುಂಡಿಯಲ್ಲಿ ಪ್ರಾಚ್ಯಾವಶೇಷಗಳನ್ನ ಹುಡುಕಿ ಸಂಗ್ರಹಿಸೋ ದೊಡ್ಡ ಅಭಿಯಾನ ನಡೀತು. ಮನೆ ಮುಂದೆ, ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ ಬಿದ್ದ ಶಿಲ್ಪ, ಶಾಸನ, ಕಂಬಗಳನ್ನ ಒಂದೆಡೆ ತಂದು ಬಯಲು ವಸ್ತುಸಂಗ್ರಹಾಲಯ ಮಾಡೋ ಉದ್ದೇಶ. ಒಳ್ಳೇ ಕೆಲಸ. ಚರಂಡಿ ಪಕ್ಕದಲ್ಲಿ ಬಿದ್ದ ಶಾಸನ ಮಳೆಗೆ ಕರಗೋದಕ್ಕಿಂತ, ಯಾರೋ ರಾತ್ರೋರಾತ್ರಿ ಟೆಂಪೊಗೆ ಹೇರಿಕೊಂಡು ಹೋಗೋದಕ್ಕಿಂತ ಸಾವಿರ ಪಾಲು ಒಳ್ಳೇದು. ಮನೆಯಲ್ಲಿ ಮಾತುಕತೆ ಆಯ್ತು. ಅಣ್ಣ ಕೊಡೋಣ ಅಂದ. ದೊಡ್ಡವ್ವ ಬೇಡ ಅನ್ನಲಿಲ್ಲ. ಫೋನಿನಲ್ಲಿ ನನ್ನನ್ನ ಕೇಳಿದಳು:

"ತಮ್ಮಾ, ನೀ ಆ ಮೂಜಿಯಂ ಪಾಜಿಯಂ ಎಲ್ಲಾ ತಿರಗತೀಯಂತ. ಕಲ್ಲಿನ ಮುಂದ ಚೀಟಿ ಹಚ್ಚತಾರಲ್ಲ, ಅದರಾಗ ಏನ್ ಬರೀತಾರ?"

"ಯಾವ ಕಾಲದ್ದು, ಯಾವ ಕಲ್ಲು, ಎಷ್ಟ ಎತ್ತರ ಅಂತ ಬರೀತಾರ ದೊಡ್ಡವ್ವ."

"ಮತ್ತ ಇಷ್ಟ ದಿನ ನೀರ ಹಾಕಿದವ್ರು?"

ಬೀಸುಕಲ್ಲಿನ ಸಭೆಯಲ್ಲಿ ನಾನು ಕೇಳಬೇಕೆಂದಿದ್ದ ಪ್ರಶ್ನೆ ಇದೇ. ಈ ಸಲ ಅದು ನಮ್ಮ ಮನೆಯಿಂದಲೇ ಬಂದಿತ್ತು.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಮನೆಯವರು ಹೇಳಿದ್ದೆಲ್ಲ ಸತ್ಯ, ತಜ್ಞರು ಹೇಳಿದ್ದೆಲ್ಲ ಒಣ ಮಾತು ಅಂತ ಬರೆಯೋದು ಸುಲಭ, ಅಂಥ ಅಂಕಣ ಬೇಕಾದಷ್ಟು ಬರ್ತ್ತವೆ. ದೊಡ್ಡವ್ವ ಹೇಳೋದು ಆ ಕಲ್ಲಿನ ಚರಿತ್ರೆ ಅಲ್ಲ. ಅದು ನಾಗಪ್ಪ ಅಲ್ಲ, ಒಂದು ಗುಡಿಯ ಕಂಬ. ಯಾವ ಶತಮಾನದ್ದು, ಯಾವ ಗುಡಿಯದ್ದಿರಬಹುದು ಅಂತ ಹೇಳೋಕೆ ಓದಿದವರೇ ಬೇಕು. ಕ್ಯುರೇಟರ್ ಕೆಲಸದ ಬಗ್ಗೆ ನನಗೆ ಗೌರವ ಇದೆ. ಹಳೇ ಕಾಗದಕ್ಕೆ ಎಷ್ಟು ಬೆಳಕು ತಾಗಬೇಕು, ಬಟ್ಟೆಗೆ ಎಷ್ಟು ತೇವ ಸಾಕು, ದಾಖಲೆ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ವಸ್ತು ಹೇಗೆ ಅನಾಥ ಆಗುತ್ತೆ, ಇವೆಲ್ಲ ನಮ್ಮ ಡೇಟಾಬೇಸ್ ಕೆಲಸಕ್ಕಿಂತ ಕಠಿಣ. ನಮ್ಮಲ್ಲಿ ಬ್ಯಾಕಪ್ ಇರುತ್ತೆ. ಅವರಲ್ಲಿ ಇರೋದು ಒಂದೇ ಪ್ರತಿ.

ಆದರೆ ಆ ಕಂಬಕ್ಕೆ ಎರಡು ಆಯುಷ್ಯ ಇದೆ. ಗುಡಿಯಲ್ಲಿ ನಿಂತಿದ್ದು ಒಂದು. ಗುಡಿ ಬಿದ್ದಮೇಲೆ ಹಿತ್ತಲಲ್ಲಿ ದೇವರಾಗಿ, ಮಕ್ಕಳಿಗೆ ಕುರ್ಚಿಯಾಗಿ ಬದುಕಿದ್ದು ಇನ್ನೊಂದು. ಮೊದಲನೆಯದನ್ನ ಓದಿದವರು ಹೇಳಬೇಕು, ಎರಡನೆಯದನ್ನ ದೊಡ್ಡವ್ವ. ಆಕೆಗೆ ಈಗ ಎಂಬತ್ತರ ಹತ್ತಿರ. ಶತಮಾನ ಯಾವುದು ಅನ್ನೋದನ್ನ ಇನ್ನು ಐವತ್ತು ವರ್ಷ ಬಿಟ್ಟು ಬಂದ ವಿದ್ವಾಂಸರೂ ಕಲ್ಲು ನೋಡಿ ಹೇಳಿಯಾರು. ಹಿತ್ತಲಿನ ಸಂಗತಿಯನ್ನ ಹೇಳೋರು ಆಗ ಇರೋದಿಲ್ಲ. ಅವಸರ ಇರೋದು ಈ ಎರಡನೇ ಸಾಲಿಗೆ.

ಚೀಟಿಯಲ್ಲಿ ಜಾಗ ಇಲ್ಲ ಅಂತಾರೆ. ಒಂದು ಸಾಲು ಸಾಕು: ಇಂಥ ಓಣಿಯ ಮನೆಯೊಂದರ ಹಿತ್ತಲಲ್ಲಿತ್ತು, ಮನೆಯವರು ನಾಗಪ್ಪ ಅಂತ ಪೂಜಿಸ್ತಿದ್ದರು. ಈ ಒಂದು ಸಾಲು ಇದ್ದರೆ ಶಾಲೆಯಿಂದ ಬಂದ ಹುಡುಗಿಯೊಬ್ಬಳು ನಿಂತು ಓದ್ತಾಳೆ, ನಮ್ಮ ಹಿತ್ತಲಲ್ಲೂ ಇಂಥದ್ದಿದೆ ಅಂತ ಮನೆಗೆ ಹೋಗಿ ಹೇಳ್ತಾಳೆ. ಬರೀ ಶತಮಾನ, ಅಳತೆ ಇದ್ದರೆ ಮುಂದೆ ಹೋಗ್ತಾಳೆ. ನಾವೂ ಶಾಲೆಯ ಟ್ರಿಪ್ಪಿನಲ್ಲಿ ಹಾಗೇ ಮುಂದೆ ಹೋದವರೇ.

ಬೆಂಗಳೂರಿನ ಆ ಎರಡು ಕುರ್ಚಿಗಳಿಂದ ನಾನು ನಿರೀಕ್ಷೆ ಮಾಡೋದು ಇಷ್ಟೇ. ಕಲಾವಿದರೇ, ನೀವು ಮ್ಯೂಸಿಯಂ ಒಳಗೆ ಹೋಗೋ ಅವಕಾಶ ಇರೋವರು. ವಿಲ್ಸನ್ ಹಾಗೆ ಚೀಟಿಯ ಮೇಲೆ ಕೈ ಇಡಿ. ಕ್ಯುರೇಟರ್‌ಗಳೇ, ನೀವು ಕಲಾವಿದರನ್ನ ಹೊಗಳೋ ಐವತ್ತು ನಿಮಿಷದಲ್ಲಿ ಐದು ನಿಮಿಷ ತೆಗೆದು ಈ ವಸ್ತು ಯಾರದು, ಹೇಗೆ ಬಂತು ಅಂತ ಕೇಳಿ. ಉತ್ತರ ಮುಜುಗರ ತಂದರೆ ತರಲಿ. ಸಂಘದ ಸಭೆಯಲ್ಲಿ ನಮ್ಮ ಅಧ್ಯಕ್ಷರಿಗೂ ಮುಜುಗರ ಆಗ್ತಿತ್ತು, ಸಂಘ ಅದರಿಂದ ಮುಳುಗಲಿಲ್ಲ.

ಕಂಬ ಇನ್ನೂ ಹಿತ್ತಲಲ್ಲೇ ಇದೆ. ಚೀಟಿಯಲ್ಲಿ ಏನು ಬರೀತಾರೆ ಅಂತ ತಿಳಕೊಂಡು ಹೇಳು, ಆಮೇಲೆ ಕೊಡೋಣ ಅಂದಿದ್ದಾಳೆ ದೊಡ್ಡವ್ವ. ಆ ಕೆಲಸ ನನ್ನ ಮೇಲಿದೆ. ಹೋದ ವಾರ ಊರಿಗೆ ಹೋದಾಗ ಒಂದು ಹಾಳೆಯಲ್ಲಿ ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡೆ, ಯಾವಾಗಿಂದ ಇದೆ, ಯಾರು ತಂದು ನಿಲ್ಲಿಸಿದರಂತೆ, ಎಂದೆಂದು ಪೂಜೆ ಅಂತ. ಕೆಳಗೆ ಸಹಿ ಮಾಡು ಅಂದೆ. ಹೆಬ್ಬೆಟ್ಟು ಒತ್ತೋಕೆ ಹೋದವಳು ನಿಂತು, ನಿಧಾನಕ್ಕೆ ಹೆಸರು ಬರೆದಳು. ಕಂಬದ ಜೊತೆ ಆ ಹಾಳೆಯೂ ಹೋಗುತ್ತೆ.

ಮುಂದಿನ ಶನಿವಾರ ಇನ್ನೊಂದು ಸಂವಾದ ಇದೆ. ಈ ಸಲ ಬೇಗ ಹೋಗಿ ಮೊದಲ ಸಾಲಿನಲ್ಲೇ ಕೂರ್ತೀನಿ. ಕೇಳೋದನ್ನ ಕನ್ನಡದಲ್ಲೇ ಕೇಳ್ತೀನಿ. ನೀವೂ ಬನ್ನಿ, ಮೈಕು ನನ್ನ ಕೈ ತಪ್ಪಿದರೆ ನೀವು ಹಿಡೀರಿ.